ಎರಡು ಗ್ರಂಥಾಲಯಗಳ ನಗರ

ಯುರೋಪಿನ ರಾಜಧಾನಿಗಳನ್ನು ಪಠ್ಯಪುಸ್ತಕದ ಪುಟಗಳಲ್ಲಿ ಮಾತ್ರ ಕಂಡಿದ್ದ ನಮ್ಮ ಅಧ್ಯಾಪಕರು ಈಗ ಬೇಸಗೆಯ ರಜೆಯಲ್ಲಿ ಅಲ್ಲಿಗೆ ಹೋಗಿಬರುತ್ತಿದ್ದಾರೆ. ಅಲ್ಲಿ ವ್ಯಾಸಂಗಕ್ಕೆಂದು ನಿಂತ ವಿದ್ಯಾರ್ಥಿಗಳು ಮೂರು ದಿನಗಳ ಬಿಡುವು ಸಿಕ್ಕರೆ ನೆರೆಯ ನಗರಕ್ಕೆ ರೈಲು ಹತ್ತುತ್ತಾರೆ. ಇದು ಸಂತೋಷದ ಸಂಗತಿಯೇ. ಆದರೆ ಹೋಗಿಬಂದವರನ್ನು ಏನು ಕಂಡಿರೆಂದು ಕೇಳಿದರೆ ಊರುಗಳ ಪಟ್ಟಿ ದೊರೆಯುತ್ತದೆಯೇ ಹೊರತು ಊರು ದೊರೆಯುವುದಿಲ್ಲ. ಹತ್ತು ದಿನಗಳಲ್ಲಿ ಏಳು ರಾಜಧಾನಿಗಳನ್ನು ಮುಗಿಸಿ ಬಂದವರಿಗೆ ಯಾವ ಗೋಪುರ ಯಾವ ಊರಿನದೆಂಬುದೇ ಮರೆತುಹೋಗಿರುತ್ತದೆ. ಒಂದೇ ನಗರಕ್ಕೆ ಮೂರು ದಿನಗಳನ್ನು ಮೀಸಲಿಡತಕ್ಕವರು ಅವನ್ನು ಹೇಗೆ ಯೋಜಿಸಿಕೊಳ್ಳಬಹುದೆಂಬ ವಿಷಯವಾಗಿ, ಆಸ್ಟ್ರಿಯದ ರಾಜಧಾನಿಯಾದ ವಿಯೆನ್ನಾವನ್ನು ಮುಂದಿಟ್ಟುಕೊಂಡು, ನಾಲ್ಕು ಮಾತು ಹೇಳಬಯಸುತ್ತೇವೆ.

ಕಾಶಿಗೆ ಹೋದವರು ತಮಗೆ ಪ್ರಿಯವಾದ ಒಂದು ಹಣ್ಣನ್ನೋ ಕಾಯಿಪಲ್ಯವನ್ನೋ ಬಿಟ್ಟುಬರುವ ಸಂಪ್ರದಾಯ ನಮ್ಮಲ್ಲುಂಟು. ವಿಯೆನ್ನಾಕ್ಕೆ ಹೋಗತಕ್ಕವರು ಬಿಡುವ ಈ ಕೆಲಸವನ್ನು ಮನೆಯಿಂದ ಹೊರಡುವ ಮೊದಲೇ ಮಾಡಬೇಕು. ೧,೪೦೦ಕ್ಕೂ ಹೆಚ್ಚು ಕೋಣೆಗಳುಳ್ಳ ಷೋನ್‌ಬ್ರುನ್ ಅರಮನೆ, ೧೮೯೭ರಲ್ಲಿ ನಿಲ್ಲಿಸಿದ ಪ್ರಾಟರ್ ಉದ್ಯಾನದ ದೈತ್ಯಚಕ್ರ, ಬೀಥೋವನ್ ಮತ್ತು ಶೂಬರ್ಟರು ಅಕ್ಕಪಕ್ಕದಲ್ಲಿ ಮಲಗಿರುವ ದೊಡ್ಡ ಸ್ಮಶಾನ, ಇವೆಲ್ಲವೂ ನೋಡತಕ್ಕವೇ. ಆದರೆ ಎಲ್ಲವನ್ನೂ ನೋಡಹೊರಟವನ ನೆನಪಿನಲ್ಲಿ ಕಡೆಗೆ ಉಳಿಯುವುದು ಟಿಕೆಟ್ಟಿನ ಸಾಲು. ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ತೀರ್ಮಾನಿಸಲು ಒಂದು ಪ್ರಶ್ನೆ ನಮ್ಮ ಕೈಯಲ್ಲಿರಬೇಕು. ಕಲೆ, ಸಂಗೀತ, ಸಾಹಿತ್ಯಗಳು ಮನುಷ್ಯನ ಮನಸ್ಸನ್ನು ಸಂಸ್ಕರಿಸುತ್ತವೆಯೆಂದು ನಾವು ತರಗತಿಗಳಲ್ಲಿ ವರ್ಷವರ್ಷವೂ ಹೇಳುತ್ತ ಬಂದಿದ್ದೇವೆ. ಅದು ನಿಜವೆ? ಈ ಮಾತನ್ನು ಉಜ್ಜಿ ನೋಡಲು ವಿಯೆನ್ನಾದಂತಹ ಒರೆಗಲ್ಲು ಅಪರೂಪ.

ಮೊದಲು ಲೌಕಿಕದ ಮಾತು. ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ೧೫ ದಿನಗಳ ಒಳಗೆ ಬಂದರೆ ಕಾಲ ಮೀರಿದಂತೆ. ಕನಿಷ್ಠ ೩೦,೦೦೦ ಯೂರೋಗಳ ವೈದ್ಯಕೀಯ ವಿಮೆಯೂ ಬೇಕು. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಅಲ್ಲಿನ ಸರ್ಕಾರಿ ಆಪೆರಾ ಮಂದಿರಕ್ಕೆ ಬಿಡುವು. ನಮ್ಮ ಏಪ್ರಿಲ್, ಮೇ ತಿಂಗಳ ರಜೆಯೇ ಅನುಕೂಲ. ಹಳೆಯ ನಗರವು ಕಾಲ್ನಡಿಗೆಯಲ್ಲಿ ಸುತ್ತುವಷ್ಟು ಚಿಕ್ಕದಾದುದರಿಂದ ವಾಹನದ ಚಿಂತೆ ಹೆಚ್ಚಿಲ್ಲ.

ಮೊದಲ ದಿನವನ್ನು ನಗರದ ವೈಭವಕ್ಕೆ ಒಪ್ಪಿಸಬೇಕು. ೧೫೨೯ರಲ್ಲಿಯೂ ೧೬೮೩ರಲ್ಲಿಯೂ ತುರ್ಕರ ಮುತ್ತಿಗೆಯನ್ನು ತಡೆದು ನಿಂತ ಊರಿದು. ೧೮೫೭ರಲ್ಲಿ ಚಕ್ರವರ್ತಿ ಫ್ರಾನ್ಸ್ ಜೋಸೆಫನು ಇಲ್ಲಿನ ಕೋಟೆಗೋಡೆಗಳನ್ನು ಕೆಡವಲು ಆಜ್ಞಾಪಿಸಿದನು. ಆ ಜಾಗದಲ್ಲಿ ೧೮೬೫ರಲ್ಲಿ ತೆರೆದ ರಿಂಗ್ ಬೀದಿಯ ಉದ್ದಕ್ಕೂ ಆಪೆರಾ ಮಂದಿರ, ನಾಟಕಶಾಲೆ, ವಿಶ್ವವಿದ್ಯಾನಿಲಯ, ಸಂಸತ್ ಭವನ, ವಸ್ತುಸಂಗ್ರಹಾಲಯಗಳು ಎದ್ದವು. ೧೮೯೧ರಲ್ಲಿ ತೆರೆದ ಕಲಾ ಸಂಗ್ರಹಾಲಯದಲ್ಲಿ ಒಂದೇ ಕೋಣೆ ಸಾಕು. ಅದು ಬ್ರೂಗೆಲ್‌ನ ಕೋಣೆ. ಹದಿನಾರನೆಯ ಶತಮಾನದ ಈ ಚಿತ್ರಕಾರನ ಕೃತಿಗಳು ಇಲ್ಲಿರುವಷ್ಟು ಮತ್ತೆಲ್ಲಿಯೂ ಇಲ್ಲ. ೧೫೬೫ರಲ್ಲಿ ಬರೆದ ‘ಹಿಮದಲ್ಲಿ ಬೇಟೆಗಾರರು’ ಎಂಬ ಚಿತ್ರದ ಮುಂದೆ ಅರ್ಧ ಗಂಟೆ ನಿಲ್ಲಬೇಕು. ಬೇಟೆಗಾರರು ನಮಗೆ ಬೆನ್ನು ಮಾಡಿ ಊರಿಗೆ ಮರಳುತ್ತಿದ್ದಾರೆ. ದಿನದ ದುಡಿಮೆಗೆಲ್ಲ ಸಿಕ್ಕಿರುವುದು ಒಂದು ನರಿ. ನಾಯಿಗಳು ತಲೆ ತಗ್ಗಿಸಿವೆ. ಕೆಳಗೆ ಹೆಪ್ಪುಗಟ್ಟಿದ ಕೊಳದ ಮೇಲೆ ಜನರು ಆಡುತ್ತಿದ್ದಾರೆ. ಬಡವರ ಚಳಿಯನ್ನೂ ಅವರ ಆಟವನ್ನೂ ಒಂದೇ ಹಲಗೆಯ ಮೇಲೆ ಕಂಡವನ ಮನಸ್ಸು ಮೆದುವಾಗದಿದ್ದೀತೆ?

ಸಂಜೆ ಆಪೆರಾ. ನಾನೂರಕ್ಕೂ ಹೆಚ್ಚು ಮಂದಿ ನಿಂತು ನೋಡಲು ಅಲ್ಲಿ ಸ್ಥಳವುಂಟು. ಅದರ ಟಿಕೆಟ್ಟು ವಿದ್ಯಾರ್ಥಿಯ ಕೈಗೂ ಎಟುಕುವಂಥದು. ೧೮೬೯ರಲ್ಲಿ ತೆರೆದ ಈ ಮಂದಿರ ೧೯೪೫ರ ಮಾರ್ಚಿಯಲ್ಲಿ ಬಾಂಬಿಗೆ ಸಿಕ್ಕಿ ಉರಿಯಿತು. ೧೯೫೫ರಲ್ಲಿ ಮತ್ತೆ ಬಾಗಿಲು ತೆರೆದಾಗ ಆಡಿದ್ದು ಬೀಥೋವನ್ನನ ‘ಫಿದೇಲಿಯೋ’. ಅನ್ಯಾಯವಾಗಿ ಸೆರೆಬಿದ್ದ ಗಂಡನನ್ನು ಹೆಂಡತಿ ಬಿಡಿಸಿಕೊಳ್ಳುವ ಕಥೆ. ಅಲ್ಲಿ ನಿಂತು ಕೇಳುವಾಗ ಆರ್ನಾಲ್ಡ್ ರೋಜೆಯ ಹೆಸರನ್ನು ನೆನೆಯಬೇಕು. ೧೮೮೧ರಿಂದ ಆ ವಾದ್ಯಮೇಳದ ಮೊದಲ ಪಿಟೀಲುಗಾರನಾಗಿದ್ದ ಆತನನ್ನು ೧೯೩೮ರಲ್ಲಿ, ನಾಜಿಗಳು ಬಂದೊಡನೆ, ಯೆಹೂದ್ಯನೆಂಬ ಒಂದೇ ಕಾರಣಕ್ಕೆ ಹೊರಗೆ ಹಾಕಿದರು. ಅವನು ದೇಶ ಬಿಟ್ಟು ಹೋಗಿ ೧೯೪೬ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡನು. ಅವನ ಮಗಳು ಆಲ್ಮಾ, ತಾನೂ ಪಿಟೀಲುಗಾತಿ, ಔಷ್‌ವಿಟ್ಜ್ ಶಿಬಿರದ ಬಂದಿ ಸ್ತ್ರೀಯರ ವಾದ್ಯಮೇಳವನ್ನು ನಡೆಸುತ್ತಿದ್ದು ೧೯೪೪ರಲ್ಲಿ ಅಲ್ಲಿಯೇ ಸತ್ತಳು. ಕೊಲೆಗಡುಕರ ಕಿವಿಗೂ ಸಂಗೀತ ಹಿತವಾಗಿಯೇ ಇದ್ದಿತು.

ಎರಡನೆಯ ದಿನ ಎರಡು ಗ್ರಂಥಾಲಯಗಳಿಗೆ. ಮೊದಲನೆಯದು ರಾಷ್ಟ್ರೀಯ ಗ್ರಂಥಾಲಯದ ಹಳೆಯ ಸಭಾಂಗಣ. ಹದಿನೆಂಟನೆಯ ಶತಮಾನದ ಪೂರ್ವಾರ್ಧದಲ್ಲಿ ಆರನೆಯ ಚಾರ್ಲ್ಸ್ ಚಕ್ರವರ್ತಿ ಕಟ್ಟಿಸಿದ್ದು. ಚಿತ್ರಗಳಿಂದ ತುಂಬಿದ ಗುಮ್ಮಟದ ಕೆಳಗೆ ಸುಮಾರು ೨,೦೦,೦೦೦ ಗ್ರಂಥಗಳು ಸಾಲುಸಾಲಾಗಿ ನಿಂತಿವೆ. ಪುಸ್ತಕಪ್ರೇಮಿಗಳಾದವರಿಗೆ ಅಲ್ಲಿಂದ ಕಾಲು ಕೀಳುವುದು ಕಷ್ಟ. ಅದರ ಸಮೀಪದಲ್ಲಿಯೇ ವೀರರ ಚೌಕ. ೧೯೩೮ರ ಮಾರ್ಚಿ ೧೫ರಂದು ಹಿಟ್ಲರನು ಅಲ್ಲಿನ ಮೇಲ್ಮೊಗಸಾಲೆಯಿಂದ ಮಾತನಾಡಿದಾಗ ಜನಸಮುದ್ರವೇ ಜಯಘೋಷ ಮಾಡಿತು. ಮುಂದಿನ ವರ್ಷಗಳಲ್ಲಿ ಯೆಹೂದ್ಯರ ಮನೆಗಳಿಂದ ದೋಚಿದ ಪುಸ್ತಕಗಳು ಇದೇ ರಾಷ್ಟ್ರೀಯ ಗ್ರಂಥಾಲಯದ ಕಪಾಟುಗಳನ್ನು ಸೇರಿದವು. ೧೯೯೮ರಲ್ಲಿ ಕಾನೂನು ಬಂದ ಮೇಲೆ ಗ್ರಂಥಾಲಯವು ತನ್ನ ಭಂಡಾರವನ್ನು ತಾನೇ ಶೋಧಿಸಿ, ಅವನ್ನು ವಾರಸುದಾರರಿಗೆ ಹಿಂದಿರುಗಿಸತೊಡಗಿತು.

ಎರಡನೆಯ ಗ್ರಂಥಾಲಯ ಅಲ್ಲಿಂದ ಸ್ವಲ್ಪವೇ ದೂರದ ಯೂಡೆನ್‌ಪ್ಲಾಟ್ಸ್ ಚೌಕದಲ್ಲಿದೆ. ಇಂಗ್ಲಿಷ್ ಶಿಲ್ಪಿ ರೇಚಲ್ ವೈಟ್‌ರೀಡ್ ರಚಿಸಿದ ಈ ಸ್ಮಾರಕ ೨೦೦೦ದಲ್ಲಿ ಅನಾವರಣಗೊಂಡಿತು. ಒಂದು ಕೋಣೆಯ ಗಾತ್ರದ ಕಾಂಕ್ರೀಟಿನ ಗ್ರಂಥಾಲಯ. ಗೋಡೆಗಳ ತುಂಬ ಪುಸ್ತಕಗಳ ಅಚ್ಚು. ಆದರೆ ಬೆನ್ನುಗಳೆಲ್ಲ ಒಳಮುಖವಾಗಿರುವುದರಿಂದ ಒಂದರ ಹೆಸರನ್ನೂ ಓದಲಾಗದು. ಬಾಗಿಲಿದೆ, ಹಿಡಿಯಿಲ್ಲ, ಯಾರೂ ಒಳಹೋಗಲಾರರು. ಕೊಲೆಯಾದ ೬೫,೦೦೦ಕ್ಕೂ ಹೆಚ್ಚು ಆಸ್ಟ್ರಿಯದ ಯೆಹೂದ್ಯರ ನೆನಪಿಗೆ ನಿಂತದ್ದು ಅದು; ಅವರು ಸತ್ತ ಊರುಗಳ ಹೆಸರು ಪೀಠದ ಸುತ್ತ ಕೆತ್ತಲ್ಪಟ್ಟಿವೆ. ಚೌಕದ ನೆಲದಡಿಯಲ್ಲಿ ೧೪೨೧ರಲ್ಲಿ ನಾಶವಾದ ಯೆಹೂದ್ಯ ಪ್ರಾರ್ಥನಾಮಂದಿರದ ಅವಶೇಷಗಳಿವೆ. ಎದುರಿಗೆ ನಾಟಕಕಾರ ಲೆಸ್ಸಿಂಗನ ಪ್ರತಿಮೆ. ಧರ್ಮಸಹಿಷ್ಣುತೆಯನ್ನು ಸಾರಿದ ಈತನ ಮೊದಲ ಪ್ರತಿಮೆಯನ್ನು ನಾಜಿಗಳು ಕರಗಿಸಿಬಿಟ್ಟರು. ಅದನ್ನು ಮಾಡಿದ ಶಿಲ್ಪಿಯೇ ಯುದ್ಧಾನಂತರ ಮತ್ತೊಂದನ್ನು ಮಾಡಿಕೊಟ್ಟನು.

ಹಾಗಾದರೆ ನಮ್ಮ ಪ್ರಶ್ನೆಗೆ ಉತ್ತರವೇನು? ವೀರರ ಚೌಕದಲ್ಲಿ ಕೂಗಿದವರಲ್ಲಿ ಆಪೆರಾಕ್ಕೆ ಹೋಗುತ್ತಿದ್ದವರೂ ಬ್ರೂಗೆಲ್‌ನನ್ನು ಕಂಡು ಮೆಚ್ಚಿದವರೂ ಇದ್ದಿರಲೇಬೇಕು. ಆದುದರಿಂದ ಓದಿದವರೆಲ್ಲ ಸಜ್ಜನರಾಗುವರೆಂಬ ಸುಲಭದ ಭರವಸೆಯನ್ನು ನಾವು ಆ ಚೌಕದಲ್ಲಿಯೇ ಬಿಟ್ಟುಬರಬೇಕಾಗುತ್ತದೆ. ಕಾಶಿಯಲ್ಲಿ ಬಿಡುವುದು ಪ್ರಿಯವಾದ ವಸ್ತುವನ್ನೇ ಅಲ್ಲವೆ? ಆದರೆ ಇನ್ನೊಂದು ಮಾತೂ ಉಂಟು. ನಾವು ಹಿಟ್ಲರನ ಮೊದಲ ಬಲಿಯೆಂದು ದಶಕಗಳ ಕಾಲ ಹೇಳಿಕೊಂಡ ಆಸ್ಟ್ರಿಯ, ೧೯೯೧ರಲ್ಲಿ ತನ್ನ ಪ್ರಧಾನಿ ವ್ರಾನಿಟ್ಸ್ಕಿಯ ಮುಖದಿಂದ ಸಂಸತ್ತಿನಲ್ಲಿ ತನ್ನ ಪಾಲಿನ ಹೊಣೆಯನ್ನು ಒಪ್ಪಿಕೊಂಡಿತು. ಆ ಒಪ್ಪಿಗೆಗೆ ರೂಪ ಕೊಡಬೇಕಾಗಿ ಬಂದಾಗ ಶಿಲ್ಪಿಗೆ ದೊರೆತದ್ದು ಪುಸ್ತಕದ ರೂಪವೇ. ಸಂಸ್ಕೃತಿ ತಾನಾಗಿ ಯಾರನ್ನೂ ಕಾಯಲಾರದು. ಕಾಯಬೇಕಾದಾಗ ನಾವು ಕಾಯಲಿಲ್ಲವೆಂಬುದನ್ನು ಮರೆಯದಂತೆ ಮಾಡಬಲ್ಲುದು. ಇದು ಸಣ್ಣ ಉಪಕಾರವಲ್ಲ. ತರಗತಿಯಲ್ಲಿ ಹೇಳಲು ಇಷ್ಟು ಉಳಿದರೂ ಸಾಕು.

ಮೂರನೆಯ ದಿನಕ್ಕೆ ಯಾವ ಕಾರ್ಯಕ್ರಮವನ್ನೂ ಹಾಕಿಕೊಳ್ಳದಿರುವುದೇ ಲೇಸು. ವಿಯೆನ್ನಾದ ಕಾಫಿಮನೆಗಳಲ್ಲಿ ಒಂದು ಲೋಟ ಕಾಫಿಯನ್ನೂ ಅದರ ಜೊತೆಗೆ ಕೊಡುವ ನೀರನ್ನೂ ಮುಂದಿಟ್ಟುಕೊಂಡು ಗಂಟೆಗಟ್ಟಲೆ ಕುಳಿತರೂ ಏಳೆನ್ನುವವರಿಲ್ಲ. ಅಲ್ಲಿ ಕುಳಿತು ಕಂಡದ್ದನ್ನು ಬರೆದಿಡಬಹುದು, ಇಲ್ಲವೆ ಯೂಡೆನ್‌ಪ್ಲಾಟ್ಸಿಗೆ ಇನ್ನೊಮ್ಮೆ ಹೋಗಿ ಬರಬಹುದು. ಈ ಬೇಸಗೆಯಲ್ಲಿ ಹೊರಡತಕ್ಕವರಿಗೆ ಶುಭ ಪ್ರಯಾಣವನ್ನು ಕೋರುತ್ತೇವೆ. ಅವರು ತರುವ ಚಿತ್ರಗಳನ್ನು ನೋಡಲು ನಮಗೂ ಆಸೆಯುಂಟು. ಹಿಡಿಯಿಲ್ಲದ ಆ ಬಾಗಿಲ ಮುಂದೆ ನಿಂತಾಗ ತಮಗೇನನ್ನಿಸಿತೆಂದು ಅವರು ಹೇಳುವುದನ್ನು ಕೇಳಲು ಅದಕ್ಕಿಂತ ಹೆಚ್ಚಿನ ಆಸೆ.