ಹೊಳಿ ಮೀನಿನ ಅಡಿಗೆಗೂ ಒಂದಿಷ್ಟು ಪುಟ

ನಮ್ಮ ಸಂಘದ ಸ್ಮರಣ ಸಂಚಿಕೆಯಲ್ಲಿ ಅಡಿಗೆಯ ವಿಭಾಗ ತಪ್ಪದೆ ಇರುತ್ತದೆ. ಎಣ್ಣೆಗಾಯಿ, ಮಾದಲಿ, ಶೇಂಗಾದ ಹೋಳಿಗೆ, ಜುಣಕದ ವಡಿ, ಗುರೆಳ್ಳು ಚಟ್ನಿ ಎಲ್ಲವೂ ಒಂದಲ್ಲ ಒಂದು ವರ್ಷ ಬಂದುಹೋಗಿವೆ. ಈ ಸಲ ಆ ಪುಟಗಳನ್ನು ಪೂರ್ತಿಯಾಗಿ ಮೀನು, ಏಡಿ, ಸಿಗಡಿಗೆ ಬಿಟ್ಟುಕೊಟ್ಟಿದ್ದೇವೆ. ಸಂಪಾದಕ ಮಂಡಳಿಯ ಸಭೆಯಲ್ಲಿ ಕೆಲವು ಹಿರಿಯರು "ಇದು ಬೇಕಾಗಿತ್ತೇನ್ರಿ?" ಎಂದು ಕೇಳಿದರು. ಕೇಳುವ ಹಕ್ಕು ಅವರಿಗಿದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯಿಂದ ಮುಂಬಯಿಗೆ ಬಂದು ನೆಲೆಸಿದ ನಮ್ಮಲ್ಲಿ ಮೀನು ಮುಟ್ಟದ ಮನೆಗಳು ಬಹಳ. ಅವರ ಆಚಾರದ ಬಗ್ಗೆ ಸಂಘಕ್ಕೆ ಗೌರವವಿದೆ, ವಾರ್ಷಿಕೋತ್ಸವದ ಪಂಕ್ತಿ ಹಿಂದೆ ಹೇಗಿತ್ತೋ ಮುಂದೆಯೂ ಹಾಗೇ ಇರುತ್ತದೆ. ಸಂಚಿಕೆಯ ಮಾತು ಬೇರೆ. ಅದರಲ್ಲಿ ಎಲ್ಲರ ಮನೆಯ ನೆನಪೂ ಇರಬೇಕು. ಮೀನು ತಿನ್ನುವ ಮನೆಯವರೂ ವರ್ಷವರ್ಷ ವರ್ಗಣಿ ಕೊಟ್ಟಿದ್ದಾರೆ, ರಾಜ್ಯೋತ್ಸವಕ್ಕೆ ಮಂಟಪ ಕಟ್ಟಿದ್ದಾರೆ, ನಾಟಕದಲ್ಲಿ ಬಣ್ಣ ಹಚ್ಚಿದ್ದಾರೆ. ಅವರ ಅಡಿಗೆಮನೆ ಮಾತ್ರ ಈ ಪುಟಗಳಲ್ಲಿ ಒಮ್ಮೆಯೂ ಕಾಣಿಸಿಲ್ಲ. ಪ್ರತಿ ಜನವರಿಯಲ್ಲಿ ಅಂಬಿಗರ ಚೌಡಯ್ಯನ ಜಯಂತಿ ಮಾಡುತ್ತೇವೆ. ಹೊಳೆ ದಾಟಿಸುವ, ಬಲೆ ಬೀಸುವ ಮನೆಗಳಲ್ಲಿ ಏನು ಬೇಯುತ್ತಿತ್ತು ಎಂಬುದನ್ನು ಬರೆಯಲು ಯಾಕೆ ಹಿಂಜರಿಯಬೇಕು?

ಈ ಹಿಂಜರಿಕೆ ಹಳೆಯದು. ಕನ್ನಡದ ಪಾಕಶಾಸ್ತ್ರಗಳಲ್ಲಿ ಹೆಸರಾದದ್ದು ಮೂರನೆಯ ಮಂಗರಸನ 'ಸೂಪಶಾಸ್ತ್ರ', 16ನೆಯ ಶತಮಾನದ ಆರಂಭದ್ದು. ಮಂಗರಸ ಜೈನ ಕವಿ, ಆದ್ದರಿಂದ ಅದರಲ್ಲಿ ಇರುವುದೆಲ್ಲ ಸಸ್ಯಾಹಾರ. ಅದಕ್ಕೂ ಮೊದಲು, 12ನೆಯ ಶತಮಾನದಲ್ಲಿ, ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರ 'ಮಾನಸೋಲ್ಲಾಸ' ಬರೆದಾಗ ಮೀನು ಹಿಡಿಯುವ ವಿನೋದಕ್ಕೆ ಪ್ರತ್ಯೇಕ ಭಾಗವನ್ನೇ ಇಟ್ಟಿದ್ದ. ಯಾವ ಮೀನು ಹೊಳೆಯದು, ಯಾವುದು ಕಡಲಿನದು, ಯಾವುದಕ್ಕೆ ಎಂಥ ಆಹಾರ ಹಾಕಿ ಗಾಳಕ್ಕೆ ಸೆಳೆಯಬೇಕು ಎಂಬ ವಿವರ ಅಲ್ಲಿದೆ. ಅನ್ನಭೋಗದ ಭಾಗದಲ್ಲಿ ಮೀನನ್ನು ಹೋಳು ಮಾಡಿ, ಹುಣಸೆಯ ರಸದಲ್ಲಿ ಬೇಯಿಸಿ, ಹಿಟ್ಟು ಉದುರಿಸಿ ಎಣ್ಣೆಯಲ್ಲಿ ಕರಿಯುವ ವಿಧಾನವೂ ಇದೆ. ಆದರೆ ಆ ಗ್ರಂಥ ಸಂಸ್ಕೃತದ್ದು. ಕನ್ನಡ ನೆಲದ ಅರಮನೆಯಲ್ಲಿ ಮೀನು ಬೆಂದಿತು, ಸಂಸ್ಕೃತದಲ್ಲಿ ದಾಖಲಾಯಿತು, ಕನ್ನಡದ ಅಡಿಗೆ ಪುಸ್ತಕಕ್ಕೆ ಬರಲಿಲ್ಲ. ಈಚಿನ ದಿನಗಳಲ್ಲಿ ಮಂಗಳೂರು, ಉಡುಪಿ, ಕಾರವಾರದ ಮೀನಿನ ಅಡಿಗೆ ಪುಸ್ತಕಗಳಲ್ಲಿ ಧಾರಾಳವಾಗಿ ಸಿಗುತ್ತಿದೆ. ಅದು ಸಂತೋಷದ ಸಂಗತಿ. ಕೃಷ್ಣೆ, ಘಟಪ್ರಭೆಯ ದಂಡೆಯ ಅಡಿಗೆಗೆ ಆ ಭಾಗ್ಯ ಇನ್ನೂ ಬಂದಿಲ್ಲ.

ನಮ್ಮ ಕಡೆ ಮೀನು ಬೇಯುತ್ತಿದ್ದದ್ದು ಹೆಚ್ಚಾಗಿ ಹಿತ್ತಲಲ್ಲಿ. ಮೂರು ಕಲ್ಲಿನ ಒಲೆ, ಅದಕ್ಕೆಂದೇ ಇಟ್ಟ ಮಣ್ಣಿನ ಗಡಿಗಿ, ಅದಕ್ಕೆಂದೇ ಒಂದು ಸೌಟು. ಮಗ್ಗದ ಓಣಿಗಳಲ್ಲಿ ಗೋಡೆಗೆ ಗೋಡೆ ಹತ್ತಿಕೊಂಡ ಮನೆಗಳು. ಪಕ್ಕದ ಮನೆಯವರಿಗೆ ವಾಸನೆ ಹೋಗಬಾರದೆಂದು ಗಾಳಿ ನೋಡಿ ಒಲೆ ಹೊತ್ತಿಸುತ್ತಿದ್ದ ಹೆಣ್ಣುಮಕ್ಕಳನ್ನು ನಾನು ಬಲ್ಲೆ. ಶ್ರಾವಣ ಬಂತೆಂದರೆ ಆ ಗಡಿಗಿ ತಿಂಗಳುಗಟ್ಟಲೆ ಬೋರಲು ಬೀಳುತ್ತಿತ್ತು. ಇಂಥ ಅಂಜಿಕೆಯ ನಡುವೆಯೂ ಅವರು ಒಂದು ದೊಡ್ಡ ವಿದ್ಯೆಯನ್ನು ಉಳಿಸಿಕೊಂಡು ಬಂದರು. ಅದು ಬಾಯಿಂದ ಬಾಯಿಗೆ, ಅತ್ತೆಯಿಂದ ಸೊಸೆಗೆ ಬಂದ ವಿದ್ಯೆ. ಈಗ ಆ ಅತ್ತೆಯಂದಿರಿಗೆ ವಯಸ್ಸಾಗಿದೆ.

ವಿದ್ಯೆ ಎಂದು ಯಾಕೆ ಕರೆದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಹೊಳಿ ಮೀನಿಗೆ ಎರಡು ತೊಡಕು. ಮೊದಲನೆಯದು ಮುಳ್ಳು. ರೋಹು, ಕಾಟ್ಲಾ, ಮೃಗಾಲ್‌ನಂಥ ಗೆಂಡೆ ಜಾತಿಯ ಮೀನುಗಳಲ್ಲಿ ಬೆನ್ನೆಲುಬಿನ ಜೊತೆಗೆ ಮಾಂಸದ ಒಳಗೇ ಹುದುಗಿದ, ಕವಲೊಡೆದ ಸಣ್ಣ ಮುಳ್ಳುಗಳಿರುತ್ತವೆ. ಬಾಳಿ ಮೀನು, ಕುಚ್ಚು ಮೀನು, ಚೇಳು ಮೀನಿನಲ್ಲಿ ಈ ಕಾಟ ಕಡಿಮೆ. ಅದಕ್ಕೇ ಮಕ್ಕಳಿಗೆ, ಬಾಣಂತಿಯರಿಗೆ ಅವನ್ನೇ ಹುಡುಕಿ ತರುತ್ತಿದ್ದರು. ಕುಚ್ಚು ಮೀನು ಗಾಳಿಯನ್ನೂ ಉಸಿರಾಡಬಲ್ಲದು, ಹಾಗಾಗಿ ಸಂತೆಗೆ ಬುಟ್ಟಿಯಲ್ಲಿ ಜೀವಂತ ಬರುತ್ತಿತ್ತು. ಗೆಂಡೆ ಮೀನೇ ಸಿಕ್ಕಾಗ ನಮ್ಮ ಹೆಂಗಸರು ಮಾಡುತ್ತಿದ್ದ ಉಪಾಯ ಇದು: ಹೋಳಿನ ಎರಡೂ ಮಗ್ಗುಲಿಗೆ ಬಹಳ ಒತ್ತೊತ್ತಾಗಿ, ಚರ್ಮದಿಂದ ಬೆನ್ನೆಲುಬಿನವರೆಗೆ ಗೀರುಗಳನ್ನು ಎಳೆಯುವುದು. ಒಳಗಿನ ಮುಳ್ಳು ತುಂಡುತುಂಡಾಗುತ್ತದೆ. ಆಮೇಲೆ ಉಪ್ಪು, ಅರಿಶಿನ, ಖಾರಪುಡಿ ತಿಕ್ಕಿ, ಜೋಳದ ಹಿಟ್ಟಿನಲ್ಲಿ ಹೊರಳಿಸಿ ಕಾದ ಶೇಂಗಾ ಎಣ್ಣೆಗೆ ಬಿಟ್ಟರೆ ಎಣ್ಣೆ ಆ ಗೀರುಗಳೊಳಗೆ ಇಳಿದು ಮುಳ್ಳನ್ನು ಗರಿಗರಿ ಮಾಡುತ್ತದೆ, ಅಗಿದರೆ ಪುಡಿಯಾಗುತ್ತದೆ. ಜೋಳದ ಹಿಟ್ಟು ರವೆಗಿಂತ ತೆಳ್ಳಗೆ ಹತ್ತುತ್ತದೆ, ಎಣ್ಣೆಯನ್ನೂ ಕಡಿಮೆ ಕುಡಿಯುತ್ತದೆ. ಮುಂಬಯಿಯ ರವಾ ಫ್ರೈ ರುಚಿಯೇ ಹೌದು. ಆದರೆ ರೋಹುವಿಗೆ ನಾನು ಜೋಳದ ಹಿಟ್ಟನ್ನೇ ಆರಿಸುತ್ತೇನೆ.

ಎರಡನೆಯ ತೊಡಕು ಕೆಸರಿನ ವಾಸನೆ. ನಿಂತ ನೀರಿನಲ್ಲಿ ಬೆಳೆಯುವ ಕೆಲವು ಪಾಚಿಗಳು, ಮಣ್ಣಿನ ಸೂಕ್ಷ್ಮಜೀವಿಗಳು ಜಿಯೋಸ್ಮಿನ್ ಎಂಬ ವಸ್ತುವನ್ನು ಬಿಡುತ್ತವೆ. ಮೊದಲ ಮಳೆಗೆ ಮಣ್ಣಿನಿಂದ ಏಳುವ ವಾಸನೆಗೂ ಅದೇ ಕಾರಣ. ಮೀನು ಅದನ್ನು ಕಿವಿರುಗಳ ಮೂಲಕ ಹೀರಿಕೊಂಡು ಚರ್ಮ ಮತ್ತು ಕೊಬ್ಬಿನಲ್ಲಿ ಇಟ್ಟುಕೊಳ್ಳುತ್ತದೆ. ಮನುಷ್ಯನ ಮೂಗು ಅದನ್ನು ಅತ್ಯಲ್ಪ ಪ್ರಮಾಣದಲ್ಲಿದ್ದರೂ ಗುರುತಿಸುತ್ತದೆ. ಹುಳಿ ಸೋಕಿದರೆ ಜಿಯೋಸ್ಮಿನ್ ಒಡೆದು ವಾಸನೆ ಇಲ್ಲದ ಬೇರೆ ವಸ್ತುವಾಗುತ್ತದೆ. ಈ ರಸಾಯನಶಾಸ್ತ್ರ ನಮ್ಮ ಆಯಿಗಳಿಗೆ ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು. ಒಲೆಯ ಬೂದಿ ಹಚ್ಚಿ ಮೀನಿನ ಲೋಳೆ ತೆಗೆಯುವುದು, ಹೊಟ್ಟೆಯೊಳಗಿನ ಕರಿ ಪರೆಯನ್ನು ಬೆರಳಿನಿಂದ ಕೆರೆದು ಬಿಸಾಡುವುದು, ಕಲ್ಲುಪ್ಪು ಹಾಕಿ ತಿಕ್ಕಿ ತೊಳೆಯುವುದು, ಕೊನೆಗೆ ಗಟ್ಟಿ ಹುಣಸೆ ಹುಳಿಯಲ್ಲಿ ಅರ್ಧ ತಾಸು ನೆನೆಹಾಕುವುದು. ನಮ್ಮ ಕಡೆಯ ಮೀನಿನ ಸಾರು ಇಷ್ಟೊಂದು ಹುಳಿ ಯಾಕೆ ಎಂದು ಹೊರಗಿನವರು ಕೇಳುವುದಿದೆ. ಉತ್ತರ ಹೊಳೆಯ ತಳದಲ್ಲಿದೆ.

ಕರಾವಳಿಯ ಗೆಳೆಯರ ಮನೆಯಲ್ಲೂ ಹುಳಿ ಇದೆ, ಅಲ್ಲಿ ಅದರ ಕೆಲಸ ಬೇರೆ. ಕಡಲ ಮೀನಿನ ಮೈಯಲ್ಲಿ ಉಪ್ಪುನೀರಿನ ಒತ್ತಡ ತಾಳಿಕೊಳ್ಳಲು ಒಂದು ವಸ್ತು ಇರುತ್ತದೆ. ಮೀನು ಸತ್ತ ಮೇಲೆ ಅದು ಟ್ರೈಮಿಥೈಲಮೈನ್ ಆಗಿ ಮಾರ್ಪಟ್ಟು, ನಾವು ಮೀನುವಾಸನೆ ಎಂದು ಗುರುತಿಸುವ ಘಾಟು ಹುಟ್ಟುತ್ತದೆ. ಪುನರ್ಪುಳಿ, ಹುಣಸೆ, ಬಿಂಬುಳಿ ಅದನ್ನು ಹಾರದ ಹಾಗೆ ಕಟ್ಟಿಹಾಕುತ್ತವೆ. ಸಿಹಿನೀರಿನ ಮೀನಿನಲ್ಲಿ ಆ ವಸ್ತು ಇಲ್ಲವೆನ್ನುವಷ್ಟು ಕಡಿಮೆ. ಉಡುಪಿಯ ತಾಯಿ ಮತ್ತು ಬೀಳಗಿಯ ತಾಯಿ ಇಬ್ಬರೂ ಹುಣಸೆಯ ಉಂಡೆಯನ್ನೇ ಕಿವಿಚುತ್ತಾರೆ, ಇಬ್ಬರೂ ಎದುರಿಸುವುದು ಬೇರೆ ಬೇರೆ ವಾಸನೆಯನ್ನು. ನಮ್ಮ ಮಸಾಲೆಗೆ ಹಸಿ ತೆಂಗಿನಕಾಯಿ ಹೋಗುವುದಿಲ್ಲ. ಸುಟ್ಟ ಉಳ್ಳಾಗಡ್ಡಿ, ಹುರಿದ ಒಣಕೊಬ್ಬರಿ, ಧಾರಾಳ ಬಳ್ಳೊಳ್ಳಿ, ಕೊತ್ತಂಬರಿ ಬೀಜ, ಒಂದಿಷ್ಟು ಎಳ್ಳು, ಮನೆಯ ಮಸಾಲಿ ಖಾರ. ಸಾರು ತೆಳ್ಳಗಿರಬೇಕು, ರೊಟ್ಟಿ ಮುರಿದು ನೆನೆಸುವಷ್ಟು.

ಏಡಿಯ ವಿಷಯವನ್ನು ಬಿಡುವಂತಿಲ್ಲ. ಮಳೆಗಾಲದಲ್ಲಿ ಹಳ್ಳ ತುಂಬಿದಾಗ, ಕಬ್ಬಿನ ಗದ್ದೆಯ ಬದುವಿನಲ್ಲಿ ಏಡಿ ಹೇರಳ. ನೆಗಡಿ, ಕೆಮ್ಮು ಹಿಡಿದವರಿಗೆ ಏಡಿ ಸಾರು ಕೊಡುವುದು ನಮ್ಮಲ್ಲಿ ರೂಢಿ. ಚಿಪ್ಪು ಬಿಡಿಸಿ, ಕಾಲುಗಳನ್ನು ಒರಳಲ್ಲಿ ಕುಟ್ಟಿ, ಬಟ್ಟೆಯಲ್ಲಿ ಹಿಂಡಿ ತೆಗೆದ ರಸಕ್ಕೆ ಮೆಣಸು, ಬಳ್ಳೊಳ್ಳಿ ಜಜ್ಜಿ ಹಾಕಿ ಬಹಳ ಹೊತ್ತು ಕುದಿಸುತ್ತಾರೆ. ಆ ಬಹಳ ಹೊತ್ತಿನ ಕುದಿ ಮುಖ್ಯ. ಸಿಹಿನೀರಿನ ಏಡಿಯಲ್ಲಿ ಶ್ವಾಸಕೋಶಕ್ಕೆ ಸೇರುವ ಒಂದು ಜಾತಿಯ ಹುಳುವಿನ ಮರಿಗಳು ಇರಬಹುದು. ಈಶಾನ್ಯ ಭಾರತದಲ್ಲಿ ಅರೆಬೆಂದ ಏಡಿ ತಿಂದವರಿಗೆ ಈ ರೋಗ ಬರುವುದನ್ನು ವೈದ್ಯರು ದಾಖಲಿಸಿದ್ದಾರೆ. ಹಿಂಡಿದ ರಸವನ್ನು ಕುದಿಸದೆ ಯಾರಿಗೂ ಕೊಡಬೇಡಿ, ಅದೇ ಒರಳನ್ನು ಬಿಸಿನೀರಿನಲ್ಲಿ ತೊಳೆಯದೆ ಚಟ್ನಿಗೆ ಬಳಸಬೇಡಿ.

ಸಿಗಡಿಯೂ ಹೊಳೆಯಲ್ಲಿ ಸಿಗುತ್ತದೆ, ಆದರೆ ನಮ್ಮ ಮನೆಗಳಲ್ಲಿ ಹೆಚ್ಚು ಓಡಾಡಿದ್ದು ಕೊಂಕಣದಿಂದ ಘಟ್ಟ ಹತ್ತಿ ಬರುತ್ತಿದ್ದ ಒಣ ಸಿಗಡಿ. ಹುರಿದು, ಮೀಸೆ ಉದುರಿಸಿ, ಬಳ್ಳೊಳ್ಳಿ ಖಾರದ ಜೊತೆ ಕುಟ್ಟಿಟ್ಟರೆ ವಾರಗಟ್ಟಲೆ ರೊಟ್ಟಿಗೆ ಜೊತೆ. ಅದೇ ಒಣ ಸಿಗಡಿ ಮುಂಬಯಿಯಲ್ಲಿ ಜವಳಾ ಎಂಬ ಹೆಸರಿನಲ್ಲಿ ಸಿಕ್ಕಾಗ ನಮ್ಮ ಅಕ್ಕತಂಗಿಯರಿಗೆ ಎಂಥ ಸಮಾಧಾನವಾಗಿರಬೇಕು!

ಇನ್ನು ಹೊಳೆಯ ಮಾತು. ನಾವು ಬಿಟ್ಟುಬಂದ ಕೃಷ್ಣೆಗೂ ಇಂದಿನ ಕೃಷ್ಣೆಗೂ ಬಹಳ ಅಂತರವಿದೆ. ಬೇಸಿಗೆಯಲ್ಲಿ ಹೊಳೆ ಸೊರಗಿ ಮಡುಗಳಷ್ಟೇ ಉಳಿಯುತ್ತಿದ್ದ ಕಾಲವೊಂದಿತ್ತು. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರೇ ಹಣ ಹಾಕಿ, ಮೈಮುರಿದು ದುಡಿದು ಚಿಕ್ಕಪಡಸಲಗಿಯಲ್ಲಿ ಬ್ಯಾರೇಜು ಕಟ್ಟಿದರು. 'ಶ್ರಮಬಿಂದು ಸಾಗರ' ಎಂಬ ಅದರ ಹೆಸರು ಹೇಳುವಾಗ ಇಂದಿಗೂ ಎದೆ ಉಬ್ಬುತ್ತದೆ. ಆಮೇಲೆ ಹಿಪ್ಪರಗಿ ಬ್ಯಾರೇಜು ಬಂತು. ಕೆಳಗೆ, 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಇಟ್ಟ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬೀಳಗಿ ತಾಲೂಕಿನ ಹೊಲಗಳ ಮೇಲೆ ಹರಡಿತು. ಒಣಗಿದ ಭೂಮಿಗೆ ನೀರು ಬಂದದ್ದು ಪುಣ್ಯದ ಕೆಲಸ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಹರಿಯುವ ಹೊಳೆ ನಿಂತ ನೀರಾದಾಗ ಮೀನಿನ ಸಂಸಾರವೂ ಬದಲಾಯಿತು. ಮುಂಗಾರಿನ ಕೆಂಪು ನೀರಿಗೆ ಎದುರಾಗಿ ಈಜಿ ಮೊಟ್ಟೆ ಇಡಲು ಹೋಗುವ ಮೀನುಗಳಿಗೆ ಗೇಟು ಅಡ್ಡವಾಯಿತು. ರೋಹು, ಕಾಟ್ಲಾ, ಮೃಗಾಲ್ ಮೂಲದಲ್ಲಿ ಗಂಗೆಯ ಕಡೆಯವು, ಬಿತ್ತನೆ ಮೀನಾಗಿ ನಮ್ಮ ನೀರಿಗೆ ಬಂದವು. 1957ರಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿ ಮೀನಿನ ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಗೆಂಡೆಗಳಿಂದ ಮೊಟ್ಟೆ ಇಡಿಸಿ ತೋರಿಸಿದ ಮೇಲೆಯೇ ಇಷ್ಟು ದೊಡ್ಡ ಪ್ರಮಾಣದ ಬಿತ್ತನೆ ಸಾಧ್ಯವಾದದ್ದು. 1952ರಲ್ಲಿ ಭಾರತಕ್ಕೆ ತಂದ ಆಫ್ರಿಕಾದ ತಿಲಾಪಿಯಾ, ಅಂದರೆ ನಮ್ಮ ಜಿಲೇಬಿ ಮೀನು, ಕೆರೆ ಹೊಳೆಗಳಲ್ಲೆಲ್ಲ ತಾನಾಗಿಯೇ ಹಬ್ಬಿಕೊಂಡಿತು. ಮೇಲ್ಭಾಗದ ಸಾಂಗಲಿಯ ಹತ್ತಿರ 2023ರ ಮಾರ್ಚಿನಲ್ಲಿ ಕೃಷ್ಣೆಯ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದ ಸುದ್ದಿ ಓದಿ ನನಗೆ ಊಟ ಸೇರಲಿಲ್ಲ. ಅದೇ ನೀರು ಕೆಳಗೆ ನಮ್ಮ ಊರುಗಳಿಗೆ ಬರುತ್ತದೆ. ಮೀನು ಬದುಕಲಾರದ ನೀರನ್ನು ನಾವು ಕುಡಿಯುವುದು ಹೇಗೆ? ಮೀನು ತಿನ್ನದ ಸದಸ್ಯರಿಗೂ ಈ ಪ್ರಶ್ನೆ ಸಂಬಂಧಿಸಿದ್ದು.

ಹಳೆಯ ಮೀನು ಅಪರೂಪವಾದರೆ ಅದರ ಅಡಿಗೆಯೂ ಮರೆತುಹೋಗುತ್ತದೆ. ಹಾವು ಮೀನಿನ ಚರ್ಮ ಸುಲಿಯುವುದನ್ನು ಬಲ್ಲವರು ಸಂಘದಲ್ಲಿ ಈಗ ಎಷ್ಟು ಮಂದಿ ಇದ್ದಾರೆ?

ಮುಂಬಯಿ ನಮಗೆ ಕಲಿಸಿದ್ದನ್ನೂ ಇಲ್ಲಿ ನೆನೆಯಬೇಕು. ಜಮಖಂಡಿ, ಮುಧೋಳ ಸಂಸ್ಥಾನಗಳು 1948ರಲ್ಲಿ ವಿಲೀನವಾದದ್ದು ಮುಂಬಯಿ ಪ್ರಾಂತಕ್ಕೆ. 1956ರ ತನಕ ಈ ನಗರವೇ ನಮ್ಮ ರಾಜಧಾನಿ. ಮಗ್ಗದ ಕೆಲಸ ಬಲ್ಲ ಕೈಗಳು ಗಿರಣಿಗಳನ್ನು ಹುಡುಕಿಕೊಂಡು ಬಂದವು. ಹೊಳಿ ಮೀನಿನ ರೂಢಿಯ ಹೆಣ್ಣುಮಕ್ಕಳು ಇಲ್ಲಿ ಬೊಂಬಿಲ್, ಬಂಗಡೆ, ಪಾಪ್ಲೆಟ್ ಕಂಡು ಮೊದಲು ಬೆರಗಾದರು, ಆಮೇಲೆ ಕಲಿತರು. ಕಿವಿರು ಎತ್ತಿ ಕೆಂಪು ನೋಡಬೇಕು, ಕಣ್ಣು ಉಬ್ಬಿರಬೇಕು, ಬೆರಳು ಒತ್ತಿದರೆ ಕುಳಿ ಉಳಿಯಬಾರದು ಎಂದು ಹೇಳಿಕೊಟ್ಟವರು ಬುಟ್ಟಿ ಮುಂದಿಟ್ಟು ಕುಳಿತ ಮೀನುಗಾರ ಕೋಳಿ ಸಮುದಾಯದ ತಾಯಂದಿರು. ಕಾಯಿ ಅರೆದು ಗಸಿ ಮಾಡುವುದನ್ನು ಹೇಳಿಕೊಟ್ಟವರು ಚಾಳಿನ ಪಕ್ಕದ ಖೋಲಿಯ ಮೊಗವೀರ, ಬಂಟ, ಬಿಲ್ಲವ ಗೆಳತಿಯರು. ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಂತು ಕಡಲ ಮೀನು ತುಟ್ಟಿಯಾದಾಗ ನಮ್ಮವರು ರೋಹುವಿನ ಕಡೆ ತಿರುಗುತ್ತಿದ್ದರು, ಆಗ ಕಲಿಸುವ ಸರದಿ ನಮ್ಮದು. ಮುಂಬಯಿಯ ಪೇಟೆಗೆ ಬರುವ ರೋಹು, ಕಾಟ್ಲಾದಲ್ಲಿ ಬಹುಪಾಲು ಆಂಧ್ರದ ಕೊಳಗಳದ್ದು, ಅಂದರೆ ನಮ್ಮದೇ ಕೃಷ್ಣೆ ಕಡಲು ಸೇರುವ ಸೀಮೆಯದು. ಗೀರು ಎಳೆಯುವ ಉಪಾಯವನ್ನು ನಮ್ಮಿಂದ ಕಲಿತ ಮಂಗಳೂರಿನ ಮನೆಗಳು ಈ ನಗರದಲ್ಲಿವೆ ಎಂಬುದು ನನಗೆ ಹೆಮ್ಮೆ.

ಈಗಿನ ಮಕ್ಕಳಿಗೆ ಬೇರೆ ಅಡ್ಡಿಗಳಿವೆ. ಮಾಂಸ ಮೀನು ಬೇಯಿಸುವವರಿಗೆ ಮನೆ ಬಾಡಿಗೆಗೆ ಕೊಡುವುದಿಲ್ಲ ಎನ್ನುವ ಕಟ್ಟಡಗಳು ಈ ನಗರದಲ್ಲಿ ಸಾಕಷ್ಟಿವೆ. ಊರಲ್ಲಿ ಹಿತ್ತಲಾದರೂ ಇತ್ತು, ಹದಿನಾರನೆಯ ಮಹಡಿಯಲ್ಲಿ ಹಿತ್ತಲೆಲ್ಲಿಂದ ಬರಬೇಕು? ಇಂಥ ಕಡೆ ನಮ್ಮ ಪುಟಗಳಲ್ಲಾದರೂ ಆ ಅಡಿಗೆಗೆ ತಲೆ ಎತ್ತಿ ನಿಲ್ಲುವ ಜಾಗ ಸಿಗಲಿ ಎಂಬುದು ನಮ್ಮ ಮಂಡಳಿಯ ನಿರ್ಧಾರ.

ಈ ವಿಭಾಗಕ್ಕೆ ಬರೆದುಕೊಟ್ಟ, ಬರೆಯಲು ಬಾರದೆ ಫೋನಿನಲ್ಲಿ ಹೇಳಿ ಬರೆಸಿದ ಎಲ್ಲ ತಾಯಂದಿರಿಗೆ ನಮಸ್ಕಾರ. ಅವರ ಮಾತಿನ ಜವಾರಿ ಸೊಗಡನ್ನು ತಿದ್ದಿಲ್ಲ, "ಬಳ್ಳೊಳ್ಳಿ" ಇದ್ದಲ್ಲಿ ಬೆಳ್ಳುಳ್ಳಿ ಮಾಡಿಲ್ಲ. ಮುಂದಿನ ಸಂಚಿಕೆಗೂ ಈ ಕೆಲಸ ಮುಂದುವರಿಯುತ್ತದೆ. ನಿಮ್ಮ ಮನೆಯ ಹಿರಿಯರ ಹತ್ತಿರ ಕುಳಿತು ಕೇಳಿ ಬರೆಯಿರಿ: ಯಾವ ಮೀನನ್ನು ಏನೆಂದು ಕರೆಯುತ್ತಿದ್ದರು, ಯಾವ ಮಡುವಿನಲ್ಲಿ ಯಾವ ತಿಂಗಳು ಅದು ಸಿಗುತ್ತಿತ್ತು, ಯಾರು ಹಿಡಿದು ತರುತ್ತಿದ್ದರು, ದುಡ್ಡು ಕೊಡುತ್ತಿದ್ದರೋ ಜೋಳ ಅಳೆಯುತ್ತಿದ್ದರೋ, ಹುಳಿ ಎಷ್ಟು, ಎಳ್ಳು ಹಾಕುತ್ತಿದ್ದರೋ ಗುರೆಳ್ಳೋ, ತಲೆಯನ್ನು ಯಾರಿಗೆ ಬಡಿಸುತ್ತಿದ್ದರು. ಅಳತೆ ಹಿಡಿ, ಚಮಚ, ಬಟ್ಟಲು ಯಾವುದರಲ್ಲಿದ್ದರೂ ಸರಿ. ಕೈಬರಹದ ಹಾಳೆಯನ್ನೂ ತೆಗೆದುಕೊಳ್ಳುತ್ತೇವೆ, ಧ್ವನಿಮುದ್ರಣವನ್ನೂ ತೆಗೆದುಕೊಳ್ಳುತ್ತೇವೆ. ದೀಪಾವಳಿಯೊಳಗೆ ಸಂಘದ ಕಚೇರಿಗೆ ತಲುಪಿಸಿ.