ಧನಲಕ್ಷ್ಮಿ ದನಲಕ್ಷ್ಮಿ ಆಗದಿರಲಿ!

ಕನ್ನಡದ ಗೆಳೆಯರೇ, ಫಲಕದಲ್ಲಿ ಕನ್ನಡ ಬೇಕೆಂದು ಬೀದಿಗಿಳಿದಿರಿ. 2024ರಲ್ಲಿ ಕಾಯ್ದೆಗೆ ತಿದ್ದುಪಡಿಯೂ ಬಂತು. ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ, ಅದೂ ಮೇಲ್ಭಾಗದಲ್ಲಿ! ಸಂತೋಷ. ಆದರೆ ಆ ಅರವತ್ತು ಭಾಗವನ್ನು ಓದಲು ಬರದಿದ್ದರೆ? ಕನ್ನಡ ಇದ್ದೂ ಇಲ್ಲದಂತೆ ಅಲ್ಲವೇ?

ಹೊಸಪೇಟೆಯ ನನ್ನ ಪ್ರೆಸ್ಸಿಗೆ ಬರುವ ಹುಡುಗರದು ಒಂದೇ ಮಾತು: "ಅಣ್ಣಾ, ಅಕ್ಷರ ದಪ್ಪ ಇರ್ಲಿ, ಗುಂಡಗಿರ್ಲಿ, ಒಂಚೂರು ವಾರೆ ಮಾಡ್ರಿ." ತಪ್ಪೇನಿಲ್ಲ. ಬಾಗಿದ ಅಕ್ಷರಕ್ಕೆ ಓಡುವವನ ಲಯ ಇದೆ. ದಪ್ಪ ದನಿ ಏರಿಸುತ್ತದೆ, ದುಂಡು ಅಂಚು ಒರಟುತನ ಕಳೆಯುತ್ತದೆ. ಸಂಡೂರಿನ ಅದಿರು ಲಾರಿಯ ಬೆನ್ನಿಗೆ, ಕಬಡ್ಡಿ ಪಂದ್ಯದ ಬ್ಯಾನರಿಗೆ, ಜಾತ್ರೆಯ ನಾಟಕದ ಹ್ಯಾಂಡ್‌ಬಿಲ್ಲಿನ ತಲೆಬರಹಕ್ಕೆ, ನಮ್ಮ ಮೆರವಣಿಗೆಯ ಘೋಷಣೆಗೆ ಅದೇ ಸರಿ. ಎರಡು ಮೂರು ಪದ, ಗೇಣುದ್ದದ ಅಕ್ಷರ. ಅಲ್ಲಿಗೆ ಮುಗಿಯಬೇಕು.

ಅದನ್ನೇ ಸಣ್ಣದು ಮಾಡಿ ನೋಡಿ! 'ಧ'ಗೂ 'ದ'ಗೂ, 'ಭ'ಗೂ 'ಬ'ಗೂ ಇರುವ ವ್ಯತ್ಯಾಸ ಬುಡದ ಒಂದು ಸೀಳು. ದಪ್ಪ ಅಕ್ಷರದಲ್ಲಿ ಮಸಿ ತುಂಬಿ ಆ ಸೀಳು ಮುಚ್ಚಿದರೆ ಧನಲಕ್ಷ್ಮಿ ದನಲಕ್ಷ್ಮಿಯಾಗುತ್ತಾಳೆ!

ಓರೆಯದು ಇನ್ನೊಂದು ಕಥೆ. ವೆನಿಸ್ಸಿನಲ್ಲಿ 1501ರಲ್ಲಿ ಆಲ್ಡಸ್ ಮನುಟಿಯಸ್ ಓರೆ ಅಕ್ಷರದಲ್ಲಿ ಪುಸ್ತಕ ಅಚ್ಚುಹಾಕಿದಾಗ, ಅದಕ್ಕೆಂದೇ ಕೈಬರಹ ನೋಡಿ ಬೇರೆ ಮೊಳೆ ಕೆತ್ತಿಸಿದ್ದ. ನಮ್ಮ ಕಂಪ್ಯೂಟರು ಮಾಡುವುದೇನು? ನೆಟ್ಟಗಿನ ಕನ್ನಡ ಅಕ್ಷರವನ್ನೇ ಹಿಡಿದು ತಳ್ಳುತ್ತದೆ. ತಲೆಕಟ್ಟು ಬಲಕ್ಕೆ, ಒತ್ತಕ್ಷರ ಎಡಕ್ಕೆ ಜಾರುತ್ತದೆ. 'ಠ' ಮೊಟ್ಟೆಯಾಗುತ್ತದೆ. ಮುಂಬಯಿಯ ಏಕ್ ಟೈಪ್ ತಂಡದ 'ಬಾಲೂ ತಮ್ಮ' ದಪ್ಪ, ದುಂಡು, ಮೇಲಾಗಿ ಉಚಿತ. ಆದರೆ ಅದಕ್ಕೂ ಓರೆಯ ಜೋಡಿ ಇಲ್ಲ.

ಇದು ಬರೀ ಅಂದಚಂದದ ಮಾತಲ್ಲ. ತುಂಗಭದ್ರೆ ಉಕ್ಕಿ ಕಂಪ್ಲಿ ಸೇತುವೆಯಲ್ಲಿ ಸಂಚಾರ ನಿಂತಾಗ ಹಾಕುವ ಎಚ್ಚರಿಕೆ ಫಲಕವನ್ನು ಕತ್ತಲಲ್ಲಿ ಬೈಕಿನವನು ಒಂದೇ ನೋಟಕ್ಕೆ ಓದಬೇಕು. ಅಲ್ಲಿ ಓರೆ ಬೇಡ. ಆಸ್ಪತ್ರೆ, ಬಸ್ಸಿನ ಬೋರ್ಡು, ಹಂಪಿಯಲ್ಲಿ ದಾರಿ ತೋರುವ ಫಲಕ, ಎಲ್ಲೂ ಬೇಡ. ನೆಟ್ಟಗಿನ, ಹದವಾದ ದಪ್ಪದ ಅಕ್ಷರ ಸಾಕು.

ನಮ್ಮ ಸೀಮೆಗೆ ಮೊಳೆ ಹೊಸದೇ? ಮಂಗಳೂರಿನಲ್ಲಿ 1843ರಲ್ಲಿ ಕಲ್ಲಚ್ಚಿನಲ್ಲಿ ಹುಟ್ಟಿದ 'ಮಂಗಳೂರ ಸಮಾಚಾರ' 1844ರಲ್ಲಿ ಬಳ್ಳಾರಿಗೆ ಬಂದು, 'ಕನ್ನಡ ಸಮಾಚಾರ'ವಾಗಿ ಮೊಳೆಯಲ್ಲಿ ಅಚ್ಚಾಯಿತು. ಕಂಪ್ಯೂಟರ್ ಕಲಿತ ನೀವು ಮನಸ್ಸು ಮಾಡಿದರೆ ಒತ್ತಕ್ಷರ ಕೆಡದ ನಿಜವಾದ ಓರೆ ಕನ್ನಡ ಬರಲಾರದೇ? ಅದು ಬರುವ ತನಕ ಫಲಕ ಬರೆಸುವ ಅಂಗಡಿಯವರಿಗೆ ಹೇಳಿ: ಹತ್ತು ಹೆಜ್ಜೆ ದೂರ ನಿಂತು ಓದಿ, ಆಮೇಲೆ ದುಡ್ಡು ಕೊಡಿ.

'ಹಾಸ್ಪೆಟ್' ಹೋಗಿ 'ಹೊಸಪೇಟೆ' ಅಧಿಕೃತವಾದದ್ದು 2014ರಲ್ಲಿ. ಅಷ್ಟು ಕಾದು ಪಡೆದ ಹೆಸರು ಸೊಟ್ಟಗಾಗಬಾರದು. ಘೋಷಣೆ ಓರೆಯಾಗಿ ಓಡಲಿ, ಊರಿನ ಹೆಸರು ನೆಟ್ಟಗೆ ನಿಲ್ಲಲಿ!