ಮಾರದ ಮನೆಗಳ ಊರಿನಲ್ಲಿ ಎರಡು ದಿನ

ಜಪಾನಿನ ಕಿಸೊ ಕಣಿವೆಯಲ್ಲಿ ತ್ಸುಮಾಗೊ ಎಂಬ ಪುಟ್ಟ ಊರಿದೆ. ಅಲ್ಲಿನ ನಿವಾಸಿಗಳು 1971ರಲ್ಲಿ ಒಟ್ಟುಗೂಡಿ ತಮಗೆ ತಾವೇ ಒಂದು ಕಟ್ಟಳೆ ವಿಧಿಸಿಕೊಂಡರು: ಮಾರಬಾರದು, ಬಾಡಿಗೆಗೆ ಕೊಡಬಾರದು, ಕೆಡವಬಾರದು. ಮನೆಗಳಿಗಷ್ಟೇ ಅಲ್ಲ, ಹೊಲಕ್ಕೂ ಕಾಡಿಗೂ ಇದು ಅನ್ವಯ. ನಗೋಯಾದಲ್ಲಿರುವ ಮಗಳ ಮನೆಗೆ ಹೋಗಿದ್ದ ನಾವು ಗಂಡ ಹೆಂಡಿರು, ಅವಳ ಸಂಸಾರಕ್ಕೂ ನಮ್ಮಿಂದ ಎರಡು ದಿನ ಬಿಡುವು ಸಿಗಲೆಂದು ಈ ಊರಿಗೆ ಹೊರಟೆವು. ಕಟ್ಟಳೆಯ ವಿಷಯ ನಾನು ಮೊದಲೇ ಓದಿದ್ದೆ. ನಿಜ ಹೇಳಬೇಕೆಂದರೆ, ಅದನ್ನು ನನ್ನ ಹೆಂಡತಿಗೆ ತೋರಿಸಬೇಕೆಂಬ ಹಟವೂ ಒಳಗೊಳಗೇ ಇತ್ತು. ತೀರ್ಥಹಳ್ಳಿಯ ಹತ್ತಿರ ನಮ್ಮ ಹಿರಿಯರ ಮನೆಯೊಂದಿದೆ. ಅಮ್ಮ ತೀರಿಕೊಂಡ ಮೇಲೆ ಅದಕ್ಕೆ ಬೀಗ. ಅದನ್ನು ಒಂದು ರೆಸಾರ್ಟಿನವರಿಗೆ ಗುತ್ತಿಗೆಗೆ ಕೊಡೋಣವೆಂದು ತಮ್ಮ ಎರಡು ವರ್ಷದಿಂದ ಕೇಳುತ್ತಿದ್ದಾನೆ. ಬೇಡವೆನ್ನುತ್ತಿರುವವನು, ಪುಣೆಯಲ್ಲಿ ಮೂವತ್ತನಾಲ್ಕು ವರ್ಷದಿಂದ ನೆಲೆಸಿರುವ ನಾನು.

ಎದೊ ನಗರವನ್ನು ಕ್ಯೋತೊದೊಂದಿಗೆ ಬೆಸೆಯುತ್ತಿದ್ದ ನಾಕಾಸೆಂದೊ ಎಂಬ ಹೆದ್ದಾರಿಯಲ್ಲಿ 69 ತಂಗುದಾಣಗಳಿದ್ದವು. ಎದೊ ಕಡೆಯಿಂದ ಎಣಿಸಿದರೆ ತ್ಸುಮಾಗೊ 42ನೆಯದು. ಪಾಳೆಯಗಾರರು ತಮ್ಮ ಪರಿವಾರದೊಡನೆ ಇಳಿಯುತ್ತಿದ್ದ ದೊಡ್ಡ ಮನೆ, ಅವರ ಕೆಳಗಿನವರಿಗೊಂದು, ಸಾಮಾನ್ಯರಿಗೆ ಸಾಲು ಛತ್ರಗಳು. 1861ರಲ್ಲಿ ಚಕ್ರವರ್ತಿಯ ತಂಗಿ ರಾಜಕುಮಾರಿ ಕಾಜುನೋಮಿಯಾ ಶೋಗನ್ನನ ಮದುವಣಗಿತ್ತಿಯಾಗಿ ಇದೇ ದಾರಿಯಲ್ಲಿ ಎದೊಗೆ ಹೋದಳು. ಏಳೇ ವರ್ಷಗಳಲ್ಲಿ ಶೋಗನ್ನರ ಆಳ್ವಿಕೆಯೇ ಮುಗಿಯಿತು. ಆಮೇಲೆ ಬಂದ ರೈಲು ಹಾದಿ ಈ ಊರನ್ನು ಬಿಟ್ಟು ನದಿಯ ಬದಿಯಲ್ಲಿ ಹಾದುಹೋಯಿತು. ದಾರಿ ನಂಬಿ ಬದುಕಿದ್ದ ಊರಿಗೆ ದಾರಿಯೇ ಇಲ್ಲದಂತಾಯಿತು.

ಇಂದು ನಾವು ಕಣ್ತುಂಬಿಕೊಳ್ಳುವ ಚೆಲುವು ಉಳಿದದ್ದು ಹೀಗೆ, ಬಡತನದ ದೆಸೆಯಿಂದ. ಕೆಡವಿ ಕಟ್ಟಲು ಯಾರ ಕೈಯಲ್ಲೂ ಹಣವಿರಲಿಲ್ಲ. 1968ರಲ್ಲಿ ದುರಸ್ತಿ ಶುರುವಾಗುವ ಹೊತ್ತಿಗೆ ಎಳೆಯರು ಪಟ್ಟಣ ಸೇರಿದ್ದರು. ಸರ್ಕಾರ 1976ರಲ್ಲಿ ಇದನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿತು, ಆದರೆ ನಿವಾಸಿಗಳ ಕಟ್ಟಳೆ ಅದಕ್ಕಿಂತ ಐದು ವರ್ಷ ಹಿಂದಿನದು ಎಂಬುದನ್ನು ಗಮನಿಸಬೇಕು. ಹಗಲು ಹೊತ್ತು ಮುಖ್ಯ ಬೀದಿಯಲ್ಲಿ ಕಾರು ಓಡಾಡುವಂತಿಲ್ಲ. ವಿದ್ಯುತ್ ತಂತಿಗಳು ಬೀದಿಯಲ್ಲಿ ಕಾಣುವುದಿಲ್ಲ. ಹಾಗೆಂದು ಎಲ್ಲವೂ ಪುರಾತನವೂ ಅಲ್ಲ. ಪಾಳೆಯಗಾರರ ಆ ದೊಡ್ಡ ಮನೆ 1995ರಲ್ಲಿ ಹೊಸದಾಗಿ ಕಟ್ಟಿದ್ದು. ಮೊದಲು ನನಗೆ ಇದು ಪಿಚ್ಚೆನಿಸಿತು. ಆಮೇಲೆ ಯೋಚಿಸಿದರೆ ಮಲೆನಾಡಿನ ಯಾವ ಮನೆಯಲ್ಲಿ ತಾನೇ ತಾತನ ಕಾಲದ ಹೆಂಚು ಉಳಿದಿದೆ?

ನಾವು ಮಾಗೊಮೆ ಎಂಬ ಪಕ್ಕದ ತಂಗುದಾಣದಿಂದ ತ್ಸುಮಾಗೊಗೆ ನಡೆದೇ ಬಂದೆವು. ಸುಮಾರು ಎಂಟು ಕಿಲೋಮೀಟರು. ಒಂದು ಕಣಿವೆ ದಾರಿ, ಆಮೇಲೆ ಇಳಿಜಾರು, ದೇವದಾರು ಜಾತಿಯ ಮರಗಳ ನೆರಳು. ದಾರಿಯುದ್ದಕ್ಕೂ ಅಲ್ಲಲ್ಲಿ ಗಂಟೆಗಳನ್ನು ಕಟ್ಟಿದ್ದಾರೆ, ಕರಡಿ ದೂರವಿರಲೆಂದು ನಡೆಯುವವರು ಬಾರಿಸಬೇಕು. ದೇವಸ್ಥಾನದ ಅಭ್ಯಾಸದಿಂದಲೋ ಏನೋ, ನನ್ನಾಕೆ ಪ್ರತಿಯೊಂದನ್ನೂ ಬಾರಿಸಿ ಕಣ್ಣು ಮುಚ್ಚಿದಳು. ನಡುವೆ ಗಂಡು ಜಲಪಾತ, ಹೆಣ್ಣು ಜಲಪಾತವೆಂದು ಎರಡಿವೆ. ಯಾವುದು ಹೆಚ್ಚು ಸದ್ದು ಮಾಡುತ್ತದೆಂಬ ಬಗ್ಗೆ ನಮ್ಮಲ್ಲಿ ಒಮ್ಮತ ಮೂಡಲಿಲ್ಲ.

ಮಾಗೊಮೆಯನ್ನು ಪ್ರವಾಸಿಗರು ಸ್ವಲ್ಪ ಕೀಳಾಗಿ ಕಾಣುತ್ತಾರೆ. 1895ರ ಬೆಂಕಿಯಲ್ಲಿ ಸುಟ್ಟು ಮತ್ತೆ ಕಟ್ಟಿದ ಊರು ಅದು, ಅಂಗಡಿಗಳೂ ಜಾಸ್ತಿ. ಆದರೆ ಕಾದಂಬರಿಕಾರ ಶಿಮಾಜಾಕಿ ತೋಸೋನ್ ಹುಟ್ಟಿದ್ದು ಅಲ್ಲಿ, 1872ರಲ್ಲಿ. ಆ ಊರಿನ ತಂಗುಮನೆಯ ಯಜಮಾನನಾಗಿದ್ದ ತನ್ನ ತಂದೆಯನ್ನೇ ಮಾದರಿಯಾಗಿಟ್ಟುಕೊಂಡು ಆತ ‘ಬೆಳಗಾಗುವ ಮುನ್ನ’ ಎಂಬರ್ಥದ ಹೆಸರಿನ ದೊಡ್ಡ ಕಾದಂಬರಿ ಬರೆದ. ಹೊಸ ಕಾಲದೊಡನೆ ಪುರಾತನ ಜಪಾನ್ ಮರಳಿ ಬರುತ್ತದೆಂದು ನಂಬಿದ ಒಬ್ಬಾತ, ಬಂದದ್ದು ಬೇರೆಯೇ ಎಂದು ಕಂಡು, ಬುದ್ಧಿ ಕೆಟ್ಟು, ಕೂಡಿಹಾಕಿದ ಕೋಣೆಯಲ್ಲಿ ಸಾಯುವ ಕಥೆ. ಹಳೆಯ ಬೀದಿಗಳನ್ನು ಮೆಚ್ಚಲು ಹೋಗುವ ನಮ್ಮಂಥವರು ಓದಬೇಕಾದ ಪುಸ್ತಕ ಅದು. ಹಳೆಯದನ್ನು ಬಿಡಲಾರದವನ ಬಗ್ಗೆ ಅದಕ್ಕೆ ಕರುಣೆಯಿದೆ, ಆದರೆ ಅವನನ್ನು ಅದು ಉಳಿಸುವುದಿಲ್ಲ.

ಸಂಜೆ ಐದು ದಾಟಿದರೆ ತ್ಸುಮಾಗೊದ ಬೀದಿ ಬರಿದಾಗುತ್ತದೆ. ದಿನದ ಪ್ರವಾಸಿಗರು ಹೊರಟಿರುತ್ತಾರೆ. ನಾವು ತಂಗಿದ್ದು ವಯಸ್ಸಾದ ದಂಪತಿಯ ಮನೆಯಲ್ಲಿ. ಊಟದ ತಟ್ಟೆಗಳಲ್ಲಿ ಹೆಚ್ಚಿನವು ಹೊಳೆಮೀನಿನವೋ, ಮೀನಿನ ಸಾರಿನವೋ ಆಗಿದ್ದವು. ನನ್ನಾಕೆ ಅನ್ನಕ್ಕೆ ಉಪ್ಪಿನಕಾಯಿ ಕಲಸಿಕೊಂಡಳು. ಹಗಲಿನಲ್ಲಿ ತಿಂದಿದ್ದ ಗೊಹೆಯಿ ಮೋಚಿ, ಅಂದರೆ ಅಕ್ರೋಟಿನ ಗೊಜ್ಜು ಸವರಿ ಕೆಂಡದಲ್ಲಿ ಸುಟ್ಟ ಅನ್ನದ ಉಂಡೆ, ಅದೇ ಆಸರೆಯಾಯಿತು. ಆತಿಥ್ಯದಲ್ಲಿ ಕೊರತೆ ಇರಲಿಲ್ಲ. ಆ ಅಜ್ಜಿ ರಾತ್ರಿ ಒಂಬತ್ತಕ್ಕೂ ಮೊಣಕಾಲೂರಿ ಹಾಸಿಗೆ ಹಾಸುತ್ತಿದ್ದುದನ್ನು ನೋಡಲಾಗದೆ ನಾವೇ ಕೈಜೋಡಿಸಿದೆವು.

ಕಾಗದದ ಬಾಗಿಲಿನಾಚೆ ಕೇಳಿಸದಂತೆ, ಮೆಲುದನಿಯಲ್ಲಿ, ನಮ್ಮ ಹಳೆಯ ಜಗಳ ಎದ್ದಿತು. “ನೋಡಿದೆಯಾ, ಇಡೀ ಊರೇ ಮಾರಲ್ಲ, ಬಾಡಿಗೆಗೆ ಕೊಡಲ್ಲ ಅಂತ ಐವತ್ತು ವರ್ಷದಿಂದ ನಿಂತಿದೆ,” ಎಂದೆ.

“ನಿಂತಿರೋದು ಇಲ್ಲೇ ಇರೋರು ಕಣ್ರೀ,” ಎಂದಳು. “ಈ ಅಜ್ಜಿ ದಿನಾ ಈ ನೆಲ ಒರೆಸ್ತಾರೆ. ನೀವು ವರ್ಷಕ್ಕೆ ನಾಲ್ಕು ದಿನ ಹೋಗಿ ಜಗಲಿ ಮೇಲೆ ಕೂತು ಫೋಟೋ ತೆಗೆಸ್ಕೊಂಡು ಬರ್ತೀರಿ. ಗೆದ್ದಲು ಹಿಡಿದ ತೊಲೆ ಬದಲಾಯಿಸೋರು, ಮಳೆಗಾಲಕ್ಕೆ ಮುಂಚೆ ಹೆಂಚು ಸರಿ ಮಾಡಿಸೋರು ನಿಮ್ಮ ತಮ್ಮ. ಬೇಡ ಅನ್ನೋ ಹಕ್ಕು ಮಾತ್ರ ನಿಮ್ಮದು.”

ನನ್ನಲ್ಲಿ ಉತ್ತರವಿರಲಿಲ್ಲ. ಇದು ನನ್ನೊಬ್ಬನ ರೋಗವೂ ಅಲ್ಲವೆಂದು ನನ್ನ ಅನಿಸಿಕೆ. ಹೊರನಾಡಿನ ನಮ್ಮಲ್ಲಿ ಅನೇಕರಿಗೆ ಊರು ನಾವು ಬಿಟ್ಟುಬಂದ ವರ್ಷದಲ್ಲೇ ನಿಂತಿರಬೇಕು. ಅಲ್ಲಿ ಕಾಂಕ್ರೀಟು ಏರಿದರೆ ನಮಗೆ ನೋವು, ಬಸ್‌ಸ್ಟ್ಯಾಂಡಿನಲ್ಲಿ ಇಂಗ್ಲಿಷ್ ಫಲಕ ಕಂಡರೆ ಸಿಟ್ಟು, ನಾವು ಮಾತ್ರ ಹದಿನಾಲ್ಕನೆಯ ಮಹಡಿಯಲ್ಲಿ ಲಿಫ್ಟಿನೊಡನೆ ಸುಖವಾಗಿದ್ದೇವೆ. ತ್ಸುಮಾಗೊದ ಕಟ್ಟಳೆಗೆ ತೂಕ ಬಂದದ್ದು ಅದನ್ನು ಬರೆದವರೇ ಅದರ ನಷ್ಟವನ್ನೂ ಹೊತ್ತದ್ದರಿಂದ. ಹೊರಗಿನವರ ಒಳ್ಳೆಯ ಬೆಲೆಗೆ ಬೇಡವೆನ್ನುವುದು ಬಡ ಊರಿಗೆ ಸಣ್ಣ ಮಾತಲ್ಲ. ಅದರ ಭಾರ ಇಂದಿಗೂ ಇಳಿದಂತಿಲ್ಲ: ಎರಡು ದಿನದಲ್ಲಿ ಆ ಬೀದಿಯಲ್ಲಿ ನಾನು ಕಂಡ ಊರವರಲ್ಲಿ ಮುದುಕರೇ ಹೆಚ್ಚು. ಕಟ್ಟಳೆ ಮನೆಗಳನ್ನು ಉಳಿಸಿತು. ಮಕ್ಕಳನ್ನು ಉಳಿಸಿಕೊಳ್ಳುವುದು ಅದರ ಕೈಯಲ್ಲಿರಲಿಲ್ಲ. ಹಾಗಿದ್ದರೂ ಆ ಊರು ಸರಿಯಾದದ್ದನ್ನೇ ಮಾಡಿತೆಂದು ನಾನು ಹೇಳುತ್ತೇನೆ. ನಾನು ಅದನ್ನೇ ತಮ್ಮನ ಮೇಲೆ ಹೇರುವುದು ಮಾತ್ರ ಸರಿಯಲ್ಲ.

ಹಿಂದಿರುಗಿದ ವಾರ ತಮ್ಮನಿಗೆ ಫೋನ್ ಮಾಡಿ ಗುತ್ತಿಗೆಯ ಕಾಗದ ಕಳಿಸಲು ಹೇಳಿದೆ. ಅವನು ಒಂದು ಗಳಿಗೆ ಮಾತಾಡಲಿಲ್ಲ. ಜಗಲಿಯ ಕಂಬಗಳನ್ನೂ ನಡುಮನೆಯ ಗೋಡೆಯನ್ನೂ ಕೆಡವಕೂಡದೆಂಬ ಒಂದು ಸಾಲು ಅದರಲ್ಲಿ ಇರಬೇಕೆಂದೆ. ಮೂರರಲ್ಲಿ ಒಂದಾದರೂ ಇರಲಿ. “ಕೇಳಿ ನೋಡ್ತೀನಣ್ಣ,” ಎಂದಿದ್ದಾನೆ.